ವರ್ನಿ ಜಂಕ್ಷನ್ ಮುಚ್ಚಿಸಿದ್ದು ಬೀಚಿಂಗ್ ಒಬ್ಬರೇನಾ?

ಪ್ರಶ್ನೆ: ಸರ್, ನಾವು ಹಾಸನದ ಕಡೆಯವರು. ಈಗ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿದ್ದೇವೆ. ಮನೆ ಕೊಳ್ಳೋಣ ಅಂತ ಹುಡುಕುತ್ತಾ ವಿನ್ಸ್ಲೊ ಹತ್ತಿರದ ವರ್ನಿ ಜಂಕ್ಷನ್ ಎಂಬ ಪುಟ್ಟ ಊರಿಗೆ ಹೋಗಿದ್ದೆವು. ಹೆಸರಲ್ಲಿ ಜಂಕ್ಷನ್ ಇದೆ, ಸ್ಟೇಷನ್ನೇ ಇಲ್ಲ. ಅಲ್ಲಿ ಸಿಕ್ಕ ಹಿರಿಯರೊಬ್ಬರು, "ಒಂದು ಕಾಲದಲ್ಲಿ ಲಂಡನ್ ಅಂಡರ್‌ಗ್ರೌಂಡ್ ಇಲ್ಲಿವರೆಗೂ ಬರುತ್ತಿತ್ತು, ಆಮೇಲೆ ಡಾಕ್ಟರ್ ಬೀಚಿಂಗ್ ಎಲ್ಲ ಮುಚ್ಚಿಬಿಟ್ಟರು" ಅಂದರು. ಇದು ನಿಜವಾ? ಈಗ ಅಲ್ಲೇ ಹೊಸ ಜೋಡಿ ಹಳಿ ಹಾಕಿದ್ದಾರೆ. ಸ್ಟೇಷನ್ ಮತ್ತೆ ತೆರೆಯುತ್ತೆ, ಈಗಲೇ ಮನೆ ತಗೊಂಡರೆ ಬೆಲೆ ಏರುತ್ತೆ ಅಂತ ಸ್ನೇಹಿತರು ಹೇಳುತ್ತಿದ್ದಾರೆ. ತಗೊಳ್ಳಬಹುದಾ? ಹಳೆಯ ಪ್ಲಾಟ್‌ಫಾರ್ಮ್ ನೋಡಲು ಬಿಡುತ್ತಾರಾ? ಮಗಳಿಗೆ ಶಾಲೆಯಲ್ಲಿ ಸ್ಥಳೀಯ ಇತಿಹಾಸದ ಪ್ರಾಜೆಕ್ಟ್ ಇದೆ. ಅದಕ್ಕೆ ದಾಖಲೆ ಎಲ್ಲಿ ಸಿಗುತ್ತದೆ?

ಉತ್ತರ: ನೀವು ಕೇಳಿರುವುದು ನಾಲ್ಕು ಪ್ರಶ್ನೆ. ಆದರೆ ದುಡ್ಡು ಹೋಗುವುದು ಮನೆಯದರಲ್ಲಿ ಮಾತ್ರ. ಆದ್ದರಿಂದ ಅದರ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸ್ಟೇಷನ್ ಮತ್ತೆ ತೆರೆಯುತ್ತದೆ ಎಂಬ ಒಂದೇ ನಂಬಿಕೆಯ ಮೇಲೆ ಅಲ್ಲಿ ಮನೆ ಕೊಳ್ಳಬೇಡಿ. ಯಾಕೆ ಅನ್ನುವುದು ಆ ಸ್ಟೇಷನ್ನಿನ ಇತಿಹಾಸದಲ್ಲೇ ಇದೆ. ಹಳೆಯ ರೈಲ್ವೆ ಜಾಗಗಳ ದಾಖಲೆ ನೋಡಿಕೊಡುವುದು ನನ್ನ ಕೆಲಸ. 1963ರಲ್ಲಿ ಬ್ರಿಟನ್ನಿನ ಸಾವಿರಾರು ಸ್ಟೇಷನ್ ಮುಚ್ಚಲು ಶಿಫಾರಸು ಮಾಡಿದ ರೈಲ್ವೆ ಅಧ್ಯಕ್ಷರೇ ಈ ಬೀಚಿಂಗ್. ನನ್ನ ಹತ್ತಿರ ಬರುವವರಲ್ಲಿ ಅರ್ಧ ಜನ "ಬೀಚಿಂಗ್ ಮುಚ್ಚಿದ್ದು" ಎಂದೇ ಮಾತು ಶುರು ಮಾಡುತ್ತಾರೆ. ಎಷ್ಟೋ ಊರುಗಳಿಗೆ ಆ ಮಾತು ಸರಿ. ವರ್ನಿ ಜಂಕ್ಷನ್‌ಗೆ ಸರಿಯಲ್ಲ.

ಹಿರಿಯರು ಹೇಳಿದ ಅಂಡರ್‌ಗ್ರೌಂಡ್ ಮಾತು ನಂಬಲು ಕಷ್ಟ ಅನ್ನಿಸಿದರೂ ಅದರಲ್ಲಿ ನಿಜವೇ ಜಾಸ್ತಿ. ಲಂಡನ್ನಿನ ಬೇಕರ್ ಸ್ಟ್ರೀಟ್‌ನಿಂದ ಸುಮಾರು 50 ಮೈಲಿ ದೂರದ ಈ ಹೊಲಗಳ ನಡುವಿನ ಸ್ಟೇಷನ್ನಿಗೆ ಮೆಟ್ರೊಪಾಲಿಟನ್ ರೈಲ್ವೆಯ ರೈಲುಗಳು ಬರುತ್ತಿದ್ದವು. ಇಂದಿನ ಲಂಡನ್ ಅಂಡರ್‌ಗ್ರೌಂಡ್‌ನ ಮೆಟ್ರೊಪಾಲಿಟನ್ ಲೈನ್ ಅದೇ ಕಂಪನಿಯ ಮುಂದುವರಿಕೆ. ಆದರೆ ಸುರಂಗ, ಎಸ್ಕಲೇಟರ್, ಎರಡು ನಿಮಿಷಕ್ಕೊಂದು ರೈಲು ಅಂತ ಊಹಿಸಿಕೊಳ್ಳಬೇಡಿ. ಲಂಡನ್ ಕಡೆಯಿಂದ ಕರೆಂಟಿನ ಎಂಜಿನ್ ಎಳೆದು ತಂದ ರೈಲಿಗೆ ದಾರಿಯಲ್ಲಿ ಉಗಿ ಎಂಜಿನ್ ಕಟ್ಟುತ್ತಿದ್ದರು. ಎಂಜಿನ್ ಬದಲಾಗುತ್ತಿದ್ದುದು ಮೊದಲು ಹ್ಯಾರೋ ಕಡೆ, 1925ರ ನಂತರ ರಿಕ್‌ಮನ್ಸ್‌ವರ್ತ್‌ನಲ್ಲಿ. ಅಲ್ಲಿಂದಾಚೆ ಅದು ಸಾಮಾನ್ಯ ಹಳ್ಳಿ ರೈಲು. ಹಾಲಿನ ಕ್ಯಾನು, ದನ, ಕಲ್ಲಿದ್ದಲು ಎಲ್ಲ ಆ ದಾರಿಯಲ್ಲೇ ಸಾಗುತ್ತಿದ್ದವು.

ಅದರ ಜೊತೆಗೇ ಒಂದು ಶೋಕಿಯೂ ಇತ್ತು ಅನ್ನಿ. 1910ರಲ್ಲಿ ಮೆಟ್ರೊಪಾಲಿಟನ್ ಕಂಪನಿ ಮೇಫ್ಲವರ್, ಗ್ಯಾಲಟೀಯ ಎಂಬ ಎರಡು ಪುಲ್‌ಮನ್ ಬೋಗಿಗಳನ್ನು ಓಡಿಸಿತು. ಹೆಚ್ಚು ಕಾಸು ಕೊಟ್ಟರೆ ಕುರ್ಚಿಯಲ್ಲಿ ಒರಗಿ ತಿಂಡಿ ತಿನ್ನುತ್ತಾ ಲಂಡನ್ನಿನ ಆಫೀಸಿಗೆ ಹೋಗಬಹುದಿತ್ತು. ಆ ಬೋಗಿಗಳ ಕೆಲವು ಸೇವೆಗಳು ವರ್ನಿ ಜಂಕ್ಷನ್‌ವರೆಗೂ ಬರುತ್ತಿದ್ದವು. ನೀವು ಕಂಡ ನಾಲ್ಕಾರು ಮನೆಗಳನ್ನು ನೆನೆಸಿಕೊಂಡರೆ ನಗು ಬರುತ್ತದೆ, ಅಲ್ವಾ?

ಹೊಲದ ನಡುವೆ ಇಷ್ಟೆಲ್ಲ ಯಾಕೆ ಬಂತು? ಆಕ್ಸ್‌ಫರ್ಡ್, ಬ್ಲೆಚ್ಲಿ, ಬ್ಯಾನ್‌ಬರಿಗಳನ್ನು ಕೂಡಿಸುವ ಹಳಿ ಈ ಜಾಗದಲ್ಲಿ 1850ರಲ್ಲೇ ಬಂದಿತ್ತು. ಆಗ ಇಲ್ಲಿ ಸ್ಟೇಷನ್ ಇರಲಿಲ್ಲ, ಯಾಕೆಂದರೆ ಇಳಿಯುವವರು ಯಾರೂ ಇರಲಿಲ್ಲ. 1868ರ ಸೆಪ್ಟೆಂಬರ್ 23ರಂದು ಏಲ್ಸ್‌ಬರಿಯಿಂದ ಸುಮಾರು ಹನ್ನೆರಡು ಮೈಲಿ ಉದ್ದದ ಹೊಸ ಹಳಿ ಬಂದು ಇಲ್ಲಿ ಸೇರಿತು. ಎರಡು ಹಳಿ ಸೇರುವ ಕಡೆ ರೈಲು ಬದಲಿಸಲು ಒಂದು ಜಾಗ ಬೇಕಾಯಿತು. ಹೆಸರಿಡಲು ಹತ್ತಿರದಲ್ಲಿ ಊರೂ ಇರಲಿಲ್ಲ. ಕೊನೆಗೆ ಜಮೀನುದಾರರೂ ಏಲ್ಸ್‌ಬರಿ ಮತ್ತು ಬಕಿಂಗ್‌ಹ್ಯಾಮ್ ರೈಲ್ವೆಯ ಉಪಾಧ್ಯಕ್ಷರೂ ಆಗಿದ್ದ ಸರ್ ಹ್ಯಾರಿ ವರ್ನಿ ಅವರ ಮನೆತನದ ಹೆಸರನ್ನೇ ಇಟ್ಟರು. ಇವರು ಹತ್ತಿರದ ಕ್ಲೇಡನ್ ಹೌಸ್‌ನ ಯಜಮಾನರು. ಇವರ ಹೆಂಡತಿ ಪಾರ್ತಿನೋಪಿ ಫ್ಲಾರೆನ್ಸ್ ನೈಟಿಂಗೇಲ್ ಅವರ ಅಕ್ಕ. ಈಗ ಅಲ್ಲಿರುವ ಮನೆಗಳು ಸ್ಟೇಷನ್ ಬಂದ ಮೇಲೆ ಅದರ ಸುತ್ತ ಎದ್ದವು. ಸಾಮಾನ್ಯವಾಗಿ ಊರಿಗಾಗಿ ಸ್ಟೇಷನ್ ಬರುತ್ತದೆ. ಇಲ್ಲಿ ಉಲ್ಟಾ.

ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಮುಂದಿನದೆಲ್ಲ ತಾನಾಗೇ ಅರ್ಥವಾಗುತ್ತದೆ. ತನ್ನದೇ ಪ್ರಯಾಣಿಕರಿಲ್ಲದ ಸ್ಟೇಷನ್ ಇದು. ಬೇರೆ ಎಲ್ಲಿಂದಲೋ ಬಂದು ಬೇರೆ ಎಲ್ಲಿಗೋ ಹೋಗುವವರು ಇಲ್ಲಿ ರೈಲು ಬದಲಿಸುವಷ್ಟು ದಿನ ಮಾತ್ರ ಅದಕ್ಕೆ ಕೆಲಸ. ಅವರು ಬೇರೆ ದಾರಿ ಹಿಡಿದರೆ ಮುಗಿಯಿತು.

ಏಲ್ಸ್‌ಬರಿಯಿಂದ ಬಂದ ಹಳಿ ಶುರುವಿನಲ್ಲಿ ಬಡ ಹಳಿಯೇ. ಸ್ವಂತ ರೈಲು ಓಡಿಸುವ ಶಕ್ತಿ ಆ ಕಂಪನಿಗಿರಲಿಲ್ಲ. ಗ್ರೇಟ್ ವೆಸ್ಟರ್ನ್ ಕಂಪನಿಯ ರೈಲುಗಳು ಓಡುತ್ತಿದ್ದವು. ಅದರ ಅದೃಷ್ಟ ತಿರುಗಿದ್ದು ಸರ್ ಎಡ್ವರ್ಡ್ ವಾಟ್ಕಿನ್ ಅವರಿಂದ. ಮೆಟ್ರೊಪಾಲಿಟನ್ ರೈಲ್ವೆಯ ಅಧ್ಯಕ್ಷರಾಗಿದ್ದ ಇವರಿಗೆ ಲಂಡನ್ನಿನೊಳಗೆ ಸುತ್ತುವ ರೈಲು ಸಾಕಾಗಲಿಲ್ಲ. ಮ್ಯಾಂಚೆಸ್ಟರ್‌ನಿಂದ ಲಂಡನ್ ಮೂಲಕ, ಸಮುದ್ರದಡಿಯ ಸುರಂಗ ದಾಟಿ ಪ್ಯಾರಿಸ್‌ವರೆಗೆ ರೈಲು ಓಡಿಸುವ ಕನಸು ಕಂಡವರು. ಆ ಸುರಂಗವನ್ನು ಸ್ವಲ್ಪ ದೂರ ತೋಡಿಸಿಯೂ ಇದ್ದರು! 1891ರಲ್ಲಿ ಮೆಟ್ರೊಪಾಲಿಟನ್ ಕಂಪನಿ ವರ್ನಿ ಜಂಕ್ಷನ್‌ವರೆಗಿನ ಹಳಿಯನ್ನು ಕೊಂಡುಕೊಂಡಿತು. ಮರುವರ್ಷ ಲಂಡನ್ ಕಡೆಯಿಂದ ಅದರ ಹಳಿ ಏಲ್ಸ್‌ಬರಿ ಮುಟ್ಟಿತು. 1897ರಿಂದ ಬೇಕರ್ ಸ್ಟ್ರೀಟ್‌ನಿಂದ ನೇರ ರೈಲು ಬರತೊಡಗಿತು, ಜೋಡಿ ಹಳಿಯೂ ಆಯಿತು.

ಆದರೆ ವಾಟ್ಕಿನ್ ಅವರ ಇನ್ನೊಂದು ಕಂಪನಿ, ಮುಂದೆ ಗ್ರೇಟ್ ಸೆಂಟ್ರಲ್ ಎಂದು ಹೆಸರಾದದ್ದು, ಉತ್ತರದಿಂದ ಬಂದು 1899ರಲ್ಲಿ ಕೂಡಿಕೊಂಡದ್ದು ವರ್ನಿ ಜಂಕ್ಷನ್‌ನಲ್ಲಿ ಅಲ್ಲ. ಅದಕ್ಕಿಂತ ದಕ್ಷಿಣಕ್ಕಿರುವ ಕ್ವೇಂಟನ್ ರೋಡ್‌ನಲ್ಲಿ. ದೂರದೂರಿನ ದೊಡ್ಡ ರೈಲುಗಳೆಲ್ಲ ಅಲ್ಲೇ ತಿರುಗಿ ಹೋದವು. ಕ್ವೇಂಟನ್ ರೋಡ್‌ನಿಂದ ವರ್ನಿ ಜಂಕ್ಷನ್‌ವರೆಗಿನ ತುಂಡು ಬಾಲದ ಹಾಗೆ ಉಳಿಯಿತು. ನನ್ನ ಪ್ರಕಾರ ಈ ಸ್ಟೇಷನ್ನಿನ ಹಣೆಬರಹ ನಿರ್ಧಾರವಾದದ್ದು ಆ ವರ್ಷವೇ. ಆಗ ಬೀಚಿಂಗ್ ಇನ್ನೂ ಹುಟ್ಟಿರಲಿಲ್ಲ.

1914ರ ಯುದ್ಧ ಮುಗಿದ ಮೇಲೆ ಬಸ್ಸು, ಲಾರಿ ಬಂದವು. ಸೇನೆ ಮಾರಿದ ಹಳೆಯ ಲಾರಿ ಕೊಂಡವರು ರೈತರ ಮನೆ ಬಾಗಿಲಿಂದಲೇ ಹಾಲು ಒಯ್ಯತೊಡಗಿದರು. ಇದು ಇಂಗ್ಲೆಂಡಿನ ಎಲ್ಲ ಹಳ್ಳಿ ಸ್ಟೇಷನ್ನುಗಳ ಕಥೆ, ಇಲ್ಲಿ ಎಳೆಯುವುದಿಲ್ಲ.

1933ರ ಜುಲೈ 1ರಂದು ಮೆಟ್ರೊಪಾಲಿಟನ್ ರೈಲ್ವೆ ಹೊಸ ಲಂಡನ್ ಸಾರಿಗೆ ಮಂಡಳಿಯ ಕೈಗೆ ಹೋಯಿತು. ಅಲ್ಲಿ ಆಡಳಿತ ನೋಡಿಕೊಳ್ಳುತ್ತಿದ್ದವರು ಫ್ರಾಂಕ್ ಪಿಕ್. ಲಂಡನ್ನಿನ ಜನರನ್ನು ಸಾಗಿಸುವುದು ತಮ್ಮ ಕೆಲಸ, ಬಕಿಂಗ್‌ಹ್ಯಾಮ್‌ಷೈರಿನ ಹಾಲು ಸಾಗಿಸುವುದಲ್ಲ ಅನ್ನುವುದು ಅವರ ಲೆಕ್ಕ. ಕ್ವೇಂಟನ್ ರೋಡ್‌ನಿಂದ ಬ್ರಿಲ್ ಎಂಬ ಹಳ್ಳಿಗೆ ಹೋಗುತ್ತಿದ್ದ ಪುಟ್ಟ ಹಳಿಯನ್ನು 1935ರ ಕೊನೆಗೆ ಮುಚ್ಚಿದರು. 1936ರ ಜುಲೈಯಲ್ಲಿ ವರ್ನಿ ಜಂಕ್ಷನ್ ಪ್ಯಾಸೆಂಜರ್ ರೈಲುಗಳ ಸರದಿ. ನಡುವಿನ ಗ್ರ್ಯಾನ್‌ಬರೋ ರೋಡ್, ವಿನ್ಸ್ಲೊ ರೋಡ್ ಸ್ಟೇಷನ್ನುಗಳೂ ಹೋದವು. 1940ರಲ್ಲಿ ಯುದ್ಧದ ಅಗತ್ಯಕ್ಕೆ ಕ್ಯಾಲ್ವರ್ಟ್ ಬಳಿ ಎರಡು ಮುಖ್ಯ ಹಳಿಗಳನ್ನು ಕೂಡಿಸುವ ಹೊಸ ತಿರುವು ಹಾಕಿದ ಮೇಲೆ ಗೂಡ್ಸ್ ಗಾಡಿಗೂ ಈ ದಾರಿ ಬೇಡವಾಯಿತು. 1947ರಲ್ಲಿ ಅದೂ ನಿಂತಿತು. ಅಂದರೆ ಅಂಡರ್‌ಗ್ರೌಂಡ್ ಕೊಂಡಿ ಕಳಚಿದವರು ಲಂಡನ್ ಸಾರಿಗೆಯವರು. ಅದೂ ಬೀಚಿಂಗ್ ವರದಿಗೆ 27 ವರ್ಷ ಮೊದಲೇ.

ಸ್ಟೇಷನ್ ಮಾತ್ರ ಅವತ್ತೇ ಸಾಯಲಿಲ್ಲ. ಆಕ್ಸ್‌ಫರ್ಡ್–ಕೇಂಬ್ರಿಡ್ಜ್ ರೈಲುಗಳು ಬರುತ್ತಲೇ ಇದ್ದವು, ಬಕಿಂಗ್‌ಹ್ಯಾಮ್ ಮತ್ತು ಬ್ಯಾನ್‌ಬರಿ ಕಡೆಯವೂ ಇದ್ದವು. ಬ್ಯಾನ್‌ಬರಿ ಕಡೆಯ ಆ ಕೊಂಬೆಯನ್ನು ಉಳಿಸಲು ಬ್ರಿಟಿಷ್ ರೈಲ್ವೆಯವರು ನಿಜಕ್ಕೂ ಪ್ರಯತ್ನಪಟ್ಟರು. 1956ರಲ್ಲಿ ಒಂಟಿ ಬೋಗಿಯ ಡೀಸೆಲ್ ರೈಲು ತಂದರು, ದಾರಿಯಲ್ಲಿ ಎರಡು ಹೊಸ ಹಾಲ್ಟ್ (ಪುಟ್ಟ ನಿಲ್ದಾಣ) ಕಟ್ಟಿದರು. ಪ್ರಯಾಣಿಕರು ಹೆಚ್ಚಿದರು, ಆದರೂ ನಷ್ಟ ತುಂಬಲಿಲ್ಲ. ಬ್ಯಾನ್‌ಬರಿ–ಬಕಿಂಗ್‌ಹ್ಯಾಮ್ ಸೇವೆ 1961ರ ಜನವರಿಯಲ್ಲಿ, ಬಕಿಂಗ್‌ಹ್ಯಾಮ್–ಬ್ಲೆಚ್ಲಿ ಸೇವೆ 1964ರ ಸೆಪ್ಟೆಂಬರ್‌ನಲ್ಲಿ ನಿಂತವು.

ಈಗ ಬೀಚಿಂಗ್ ವಿಷಯ. ರಿಚರ್ಡ್ ಬೀಚಿಂಗ್ ಬ್ರಿಟಿಷ್ ರೈಲ್ವೆ ಮಂಡಳಿಯ ಅಧ್ಯಕ್ಷರಾಗಿದ್ದವರು. 1963ರ ಮಾರ್ಚ್‌ನಲ್ಲಿ ಬಂದ ಅವರ ವರದಿ 2,363 ಸ್ಟೇಷನ್ ಮತ್ತು ಸುಮಾರು 5,000 ಮೈಲಿ ಹಳಿ ಮುಚ್ಚಲು ಶಿಫಾರಸು ಮಾಡಿತು. ಜನರ ಸಿಟ್ಟೆಲ್ಲ ಒಬ್ಬ ಮನುಷ್ಯನ ಮೇಲೆ ತಿರುಗಲು ಇಷ್ಟು ಸಾಕು. ಆದರೆ ಅದಕ್ಕೆ ಮುಂಚಿನ ಒಂದೂವರೆ ದಶಕದಲ್ಲೇ ಸುಮಾರು 3,000 ಮೈಲಿ ಹಳಿ ಸದ್ದಿಲ್ಲದೆ ಮುಚ್ಚಿಹೋಗಿತ್ತು. ಇನ್ನೊಂದು, ಮುಚ್ಚುವ ಅಧಿಕಾರ ಬೀಚಿಂಗ್ ಕೈಯಲ್ಲಿ ಇರಲಿಲ್ಲ. ಬಳಕೆದಾರರ ಸಮಿತಿ ಆಕ್ಷೇಪಣೆ ಕೇಳುತ್ತಿತ್ತು, ಕೊನೆಯ ಸಹಿ ಸಾರಿಗೆ ಸಚಿವರದ್ದು. ಮೂರನೆಯದೇ ನಿಮಗೆ ಮುಖ್ಯ. ಆಕ್ಸ್‌ಫರ್ಡ್–ಕೇಂಬ್ರಿಡ್ಜ್ ಮಾರ್ಗ ಬೀಚಿಂಗ್ ಪಟ್ಟಿಯಲ್ಲಿ ಇರಲೇ ಇಲ್ಲ! ಅದನ್ನು ಮುಚ್ಚುವ ಪ್ರಸ್ತಾಪ ಬ್ರಿಟಿಷ್ ರೈಲ್ವೆಯಿಂದ ಬೇರೆಯಾಗಿ ಬಂತು. ಕೊನೆಯ ಪ್ಯಾಸೆಂಜರ್ ರೈಲು ಓಡಿದ್ದು 1967ರ ಡಿಸೆಂಬರ್ 30ರಂದು. ಆ ಹೊತ್ತಿಗೆ ಬೀಚಿಂಗ್ ರೈಲ್ವೆ ಬಿಟ್ಟು ಹೋಗಿ ಎರಡು ವರ್ಷ ದಾಟಿತ್ತು, ಸರ್ಕಾರವೂ ಲೇಬರ್ ಪಕ್ಷದ್ದಾಗಿತ್ತು. ಬ್ಲೆಚ್ಲಿ–ಬೆಡ್‌ಫರ್ಡ್ ತುಂಡು ಮಾತ್ರ ಉಳಿಯಿತು.

ಈ ಮುಚ್ಚುಗಡೆಯಲ್ಲಿ ನನಗೆ ಇವತ್ತಿಗೂ ಸಿಟ್ಟು ಬರಿಸುವ ಎರಡು ಸಂಗತಿಗಳಿವೆ. ಲಂಡನ್ ತಪ್ಪಿಸಿ ಗೂಡ್ಸ್ ಗಾಡಿ ಓಡಿಸಲು ಇದೇ ಮಾರ್ಗ ಸರಿ ಎಂದು 1950ರ ದಶಕದ ಕೊನೆಯಲ್ಲಿ ಬ್ಲೆಚ್ಲಿಯಲ್ಲಿ ದೊಡ್ಡ ಕಾಂಕ್ರೀಟ್ ಮೇಲುಸೇತುವೆ ಕಟ್ಟಲು ಶುರು ಮಾಡಿದರು. ಆದರೆ ಅದರ ಜೊತೆಗೇ ವಿನ್ಸ್ಲೊದ ಆಚೆ ಸ್ವಾನ್‌ಬೋರ್ನ್‌ನಲ್ಲಿ ಬರಬೇಕಿದ್ದ ದೊಡ್ಡ ಗೂಡ್ಸ್ ಯಾರ್ಡ್ ಯೋಜನೆ ರದ್ದಾಯಿತು. ಸೇತುವೆ ಎದ್ದಿತು, ಓಡಿಸಲು ಗಾಡಿಗಳಿಲ್ಲ. ಇನ್ನೊಂದು ನಿಮ್ಮ ಊರಿನದೇ. ಮಿಲ್ಟನ್ ಕೀನ್ಸ್ ಎಂಬ ಹೊಸ ನಗರ ಕಟ್ಟುತ್ತೇವೆಂದು ಸರ್ಕಾರ ಘೋಷಿಸಿದ್ದು 1967ರ ಜನವರಿಯಲ್ಲಿ. ಅದರ ಪಕ್ಕದಲ್ಲೇ ಹಾದುಹೋಗುವ ಪೂರ್ವ-ಪಶ್ಚಿಮ ರೈಲು ನಿಲ್ಲಿಸಿದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಒಂದು ಇಲಾಖೆ ಮಾಡಿದ್ದು ಇನ್ನೊಂದಕ್ಕೆ ಗೊತ್ತಿರುವುದಿಲ್ಲ ಎಂಬ ದೂರು ನಮ್ಮೂರಿನದು ಮಾತ್ರ ಅಲ್ಲ.

ಈಗ ಮನೆ. ನೀವು ಕಂಡ ಹೊಸ ಹಳಿ ಈಸ್ಟ್ ವೆಸ್ಟ್ ರೈಲ್ ಯೋಜನೆಯದು. ಬೈಸೆಸ್ಟರ್‌ನಿಂದ ಬ್ಲೆಚ್ಲಿವರೆಗೆ ಹಳೆಯ ಮಾರ್ಗದ ಮೇಲೆಯೇ ಹೊಸದಾಗಿ ಕಟ್ಟಿದ್ದಾರೆ, ಆ ಮೇಲುಸೇತುವೆಯನ್ನೂ ಭಾಗಶಃ ಕೆಡವಿ ಮತ್ತೆ ಕಟ್ಟಿದರು. ಈ ತುಂಡಿನಲ್ಲಿ ಹೊಸ ಸ್ಟೇಷನ್ ಸಿಕ್ಕಿದ್ದು ವಿನ್ಸ್ಲೊಗೆ. ವರ್ನಿ ಜಂಕ್ಷನ್‌ಗೆ ಯೋಜನೆಯಲ್ಲಿ ಸ್ಟೇಷನ್ ಇಲ್ಲ. ನಿಮ್ಮ ಸ್ನೇಹಿತರು ಹಳಿ ನೋಡಿ ಲೆಕ್ಕ ಹಾಕುತ್ತಿದ್ದಾರೆ. ಸ್ಟೇಷನ್ ಕೊಡುವವರು ಹಳಿ ನೋಡುವುದಿಲ್ಲ, ಸುತ್ತಲಿನ ಜನಸಂಖ್ಯೆ ನೋಡುತ್ತಾರೆ. ಎರಡು-ಮೂರು ಮೈಲಿ ದೂರದ ವಿನ್ಸ್ಲೊದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಇದ್ದಾರೆ. ಇಲ್ಲಿ ಇರುವುದು ನಾಲ್ಕಾರು ಮನೆ. ವೇಗದ ರೈಲನ್ನು ಅಷ್ಟು ಹತ್ತಿರದಲ್ಲಿ ಎರಡು ಸಲ ನಿಲ್ಲಿಸಿದರೆ ಸಮಯವೂ ಹಾಳು. ಮುಂದೆ ಅಲ್ಲಿ ಸಾವಿರಾರು ಮನೆಗಳ ಬಡಾವಣೆ ಬಂದರೆ ಮಾತು ಬೇರೆ. ಆದರೆ ಹಾಗಾದರೆ ನೀವು ಮೆಚ್ಚಿಕೊಂಡ ಆ ಶಾಂತ ಹಳ್ಳಿಯೂ ಇರುವುದಿಲ್ಲ.

ನಿಮಗೆ ರೈಲಿನ ಅನುಕೂಲವೇ ಮುಖ್ಯವಾದರೆ ವಿನ್ಸ್ಲೊದಲ್ಲಿ ನೋಡಿ. ಅಪಾಯ ಏನೆಂದರೆ, ಸ್ಟೇಷನ್ ಸುದ್ದಿ ಅಲ್ಲಿ ಹಳೆಯದಾಗಿದೆ, ಮಾರುವವರು ಅದನ್ನು ಬೆಲೆಗೆ ಸೇರಿಸಿಯೇ ಕೇಳುತ್ತಾರೆ. ಪ್ಯಾಸೆಂಜರ್ ರೈಲು ಶುರುವಾಗುವ ದಿನಾಂಕವೂ ಮುಂದೆ ಹೋಗುತ್ತಲೇ ಬಂದಿದೆ. ಟೈಮ್‌ಟೇಬಲ್ ಕಣ್ಣಾರೆ ನೋಡಿಯೇ ನಂಬಿ. ಸುಮ್ನೆ ಹಳ್ಳಿಯ ಬದುಕು ಬೇಕು, ಕಾರಿನಲ್ಲಿ ಓಡಾಡುತ್ತೇವೆ ಎಂದರೆ ವರ್ನಿ ಜಂಕ್ಷನ್ ತಪ್ಪೇನಲ್ಲ. ಆಗಲೂ ಒಂದು ವಿಷಯ ನೆನಪಿರಲಿ. ದಶಕಗಳ ಕಾಲ ಗಿಡ ಬೆಳೆದು ನಿಂತಿದ್ದ ಆ ಹಳಿ ಈಗ ಜೀವಂತ ಹಳಿ. ರಾತ್ರಿ ಗೂಡ್ಸ್ ಗಾಡಿಯೂ ಹೋಗಬಹುದು. ಒಂದು ರಾತ್ರಿ, ಒಂದು ಬೆಳಿಗ್ಗೆ ಅಲ್ಲಿ ನಿಂತು ಸದ್ದು ಕೇಳಿ ನೋಡಿ.

ಮೂರನೆಯ ಆಯ್ಕೆ, ಹಳೆಯ ರೈಲ್ವೆ ಮನೆ ಅಥವಾ ಹಳೆಯ ಹಳಿಯ ಜಾಗ ಸೇರಿದ ಮನೆ. ಇಲ್ಲೇ ಜನ ಜಾಸ್ತಿ ಎಡವುತ್ತಾರೆ. ಬ್ರಿಟಿಷ್ ರೈಲ್ವೆ ಜಾಗ ಮಾರುವಾಗ ಕ್ರಯಪತ್ರದಲ್ಲಿ ಷರತ್ತು ಹಾಕುವುದು ರೂಢಿಯಾಗಿತ್ತು. ಬೇಲಿ ನೀವೇ ನೋಡಿಕೊಳ್ಳಬೇಕು, ಚರಂಡಿ ಮುಚ್ಚಬಾರದು, ಏರಿಯನ್ನು ಅಗೆಯಬಾರದು ಅಂಥವು. ಐವತ್ತು-ಅರವತ್ತು ವರ್ಷದ ಹಿಂದಿನ ಆ ಸಾಲುಗಳು ಇವತ್ತಿನ ಮಾಲೀಕನಿಗೂ ಅಂಟಬಹುದು. ಹಿತ್ತಲಿನ ಮಣ್ಣಿನಡಿ ಎಂಜಿನ್ ಬೂದಿ, ಎಣ್ಣೆ, ಸ್ಲೀಪರ್ ಮರಕ್ಕೆ ಬಳಿದ ಕ್ರಿಯೊಸೋಟ್ ಇರಬಹುದು. ಹಳೆಯ ಶೆಡ್ಡಿನ ಛಾವಣಿಯಲ್ಲಿ ಆಸ್ಬೆಸ್ಟಾಸ್ ಇರಬಹುದು. ಮಕ್ಕಳು ಆಡುವ, ಸೊಪ್ಪು ಬೆಳೆಯುವ ಜಾಗ ಅಂದಮೇಲೆ ಇದನ್ನು ಲಘುವಾಗಿ ತಗೊಳ್ಳಬೇಡಿ. ನಿಮ್ಮ ಸಾಲಿಸಿಟರ್‌ಗೆ ಲ್ಯಾಂಡ್ ರಿಜಿಸ್ಟ್ರಿಯ ದಾಖಲೆ ಮಾತ್ರ ಸಾಲದು, ಅದರಲ್ಲಿ ಉಲ್ಲೇಖಿಸಿದ ಮೂಲ ಕ್ರಯಪತ್ರದ ನಕಲೂ ಬೇಕು ಅಂತ ಹೇಳಿ. ಜಾಗದ ಮಣ್ಣು ಕೆಟ್ಟಿರಬಹುದಾ ಎಂದು ನೋಡುವ ಪರಿಸರ ಸರ್ಚ್ ಮಾಡಿಸಿ. ಬ್ಯಾಂಕಿನ ಅಂದಾಜಿಗೆ ಬರುವವರು ನಿಮ್ಮ ಪರ ನೋಡುವುದಿಲ್ಲ, ಬೇರೆಯಾಗಿ ಪೂರ್ತಿ ಸರ್ವೆ ಮಾಡಿಸಿ. ಇದೆಲ್ಲ ಖರ್ಚಿನ ಬಾಬತ್ತೇ. ಆದರೆ ಸಹಿ ಹಾಕಿದ ಮೇಲೆ ಗೊತ್ತಾದರೆ ಆಗುವ ಖರ್ಚಿನ ಮುಂದೆ ಇದು ಏನೂ ಅಲ್ಲ.

ಪ್ಲಾಟ್‌ಫಾರ್ಮ್ ನೋಡಲು ಹಳಿಯ ಕಡೆಗೆ ಇಳಿಯಬೇಡಿ. ರೈಲ್ವೆ ಜಾಗಕ್ಕೆ ನುಗ್ಗಿದರೆ ಇಂಗ್ಲೆಂಡಿನಲ್ಲಿ 1,000 ಪೌಂಡ್‌ವರೆಗೆ ದಂಡ ಬೀಳಬಹುದು. ದಂಡಕ್ಕಿಂತ ದೊಡ್ಡದು ಜೀವ. ರಸ್ತೆ ಮತ್ತು ಸಾರ್ವಜನಿಕ ಕಾಲುದಾರಿಯಿಂದ ಕಾಣುವಷ್ಟು ನೋಡಿ. ಹಳಿ ಮತ್ತೆ ಕಟ್ಟುವಾಗ ದಾಟುವ ಜಾಗಗಳು ಬದಲಾಗಿವೆ, ಹಾಗಾಗಿ ಹೊಸ ಆರ್ಡ್‌ನನ್ಸ್ ಸರ್ವೆ (ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ) ನಕ್ಷೆಯನ್ನೇ ಹಿಡಿದು ಹೋಗಿ. ಸ್ಟೇಷನ್ ಕಾಲದ ಮನೆಗಳಲ್ಲಿ ಈಗ ಜನ ವಾಸ ಇದ್ದಾರೆ, ಗೇಟು ದಾಟುವ ಮುಂಚೆ ಕೇಳಿ. ಮಗಳಿಗೆ ಆ ಕಾಲದ ಸ್ಟೇಷನ್ ಹೇಗಿತ್ತು ಅಂತ ತೋರಿಸಬೇಕಾದರೆ ಕ್ವೇಂಟನ್ ರೋಡ್‌ಗೆ ಕರೆದುಕೊಂಡು ಹೋಗಿ. ಅದೇ ಮೆಟ್ರೊಪಾಲಿಟನ್ ಮಾರ್ಗದ ಸ್ಟೇಷನ್. ಅಲ್ಲೀಗ ಬಕಿಂಗ್‌ಹ್ಯಾಮ್‌ಷೈರ್ ರೈಲ್ವೆ ಸೆಂಟರ್ ಇದೆ. ಪ್ಲಾಟ್‌ಫಾರ್ಮ್, ಎಂಜಿನ್, ಬೋಗಿ ಎಲ್ಲ ಹತ್ತಿರದಿಂದ ನೋಡಬಹುದು. ಟಿಕೆಟ್ ಕೊಂಡು ನೋಡುವ ಜಾಗ, ಯಾರ ಬೈಗುಳವೂ ಇಲ್ಲ.

ಪ್ರಾಜೆಕ್ಟಿಗೆ ಮೊದಲು ನಕ್ಷೆಯಿಂದ ಶುರು ಮಾಡಿ. ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ವೆಬ್‌ಸೈಟಿನಲ್ಲಿ ಇಂಗ್ಲೆಂಡಿನ ಹಳೆಯ ಆರ್ಡ್‌ನನ್ಸ್ ಸರ್ವೆ ನಕ್ಷೆಗಳೂ ಪುಕ್ಕಟೆ ಸಿಗುತ್ತವೆ. ಸೈಡಿಂಗ್ (ಬೋಗಿ ನಿಲ್ಲಿಸುವ ಪಕ್ಕದ ಹಳಿ) ಎಲ್ಲಿತ್ತು, ಸಿಗ್ನಲ್ ಬಾಕ್ಸ್ ಎಲ್ಲಿತ್ತು ಎಲ್ಲ ಕಾಣುತ್ತದೆ. ಜನಗಣತಿ ಪಟ್ಟಿಗಳಲ್ಲಿ ಸ್ಟೇಷನ್ ಮಾಸ್ಟರ್, ಪೋರ್ಟರ್, ಸಿಗ್ನಲ್‌ಮನ್ ಯಾರು, ಯಾವ ಊರಿನಿಂದ ಬಂದವರು ಅಂತ ಸಿಗುತ್ತದೆ. ನನಗೆ ಕೇಳಿದರೆ ಶಾಲೆಯ ಪ್ರಾಜೆಕ್ಟಿಗೆ ಎಂಜಿನ್ ನಂಬರುಗಳಿಗಿಂತ ಇದೇ ರುಚಿ. ರೈಲು ಕಂಪನಿಗಳ ಕಡತಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಜಿಲ್ಲೆಯ ದಾಖಲೆಗಳು ಏಲ್ಸ್‌ಬರಿಯ ಪತ್ರಾಗಾರದಲ್ಲಿವೆ. ಹಳೆಯ ಫೋಟೊಗಳ ಕೆಳಗಿನ ಒಕ್ಕಣೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಒಂದೇ ಚಿತ್ರಕ್ಕೆ ಎರಡು ಊರಿನ ಹೆಸರು ಬರೆದಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ದಿನಾಂಕಗಳಲ್ಲಿ ಮಗಳು ಗೊಂದಲಕ್ಕೆ ಬೀಳದಂತೆ ಒಂದು ಮಾತು. ಒಂದು ಕಡೆ 1936ರ ಜುಲೈ 4 ಅಂತ ಇರುತ್ತದೆ, ಇನ್ನೊಂದು ಕಡೆ ಜುಲೈ 6. ಹಾಗೇ 1967ರ ಡಿಸೆಂಬರ್ 30 ಮತ್ತು 1968ರ ಜನವರಿ 1. ಎರಡೂ ಸರಿ. ಮೊದಲನೆಯದು ಕೊನೆಯ ರೈಲು ಓಡಿದ ಶನಿವಾರ, ಎರಡನೆಯದು ಕಾಗದದ ಮೇಲೆ ಮುಚ್ಚಿದ ಸೋಮವಾರ. ಪ್ರಾಜೆಕ್ಟಿನಲ್ಲಿ ಎರಡನ್ನೂ ಬರೆದು ಕಾರಣ ಹೇಳಿದರೆ ಮೇಷ್ಟ್ರಿಗೂ ಖುಷಿಯಾಗುತ್ತದೆ.

ಮಗಳಿಗೆ ಇನ್ನೊಂದು ಸುಳಿವು ಕೊಡುತ್ತೇನೆ. ಏಲ್ಸ್‌ಬರಿ–ವರ್ನಿ ಜಂಕ್ಷನ್ ಹಳಿ ಹಾಕಿಸಿದ ಕಂಪನಿಯ ಅಧ್ಯಕ್ಷರಾಗಿದ್ದವರು ಬಕಿಂಗ್‌ಹ್ಯಾಮ್‌ನ ಮೂರನೆಯ ಡ್ಯೂಕ್. ಬ್ರಿಲ್ ಹಳಿಯೂ ಅವರದ್ದೇ. ಇದೇ ಮನುಷ್ಯ 1875ರಿಂದ 1880ರವರೆಗೆ ಮದ್ರಾಸಿನ ಗವರ್ನರ್. ಆಗ ಬಳ್ಳಾರಿ, ದಕ್ಷಿಣ ಕನ್ನಡ ಎರಡೂ ಮದ್ರಾಸ್ ಪ್ರಾಂತ್ಯದಲ್ಲಿದ್ದವು. 1876–78ರ ಭೀಕರ ಬರ ಬಂದದ್ದು ಅವರ ಕಾಲದಲ್ಲೇ. ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಬರ ಪರಿಹಾರದ ಕೂಲಿ ಕೆಲಸವಾಗಿ ಮದ್ರಾಸಿನಲ್ಲಿ ತೋಡಿಸಿದ ಕಾಲುವೆಗೆ ಅವರ ಹೆಸರೇ ಉಳಿಯಿತು, ಅದೇ ಇಂದಿನ ಚೆನ್ನೈಯ ಬಕಿಂಗ್‌ಹ್ಯಾಮ್ ಕಾಲುವೆ. ಇತ್ತ ಕ್ಲೇಡನ್ ಹೌಸ್‌ಗೆ ಬಂದು ಉಳಿಯುತ್ತಿದ್ದ ಫ್ಲಾರೆನ್ಸ್ ನೈಟಿಂಗೇಲ್ ಭಾರತಕ್ಕೆ ಒಮ್ಮೆಯೂ ಹೋಗದೆ ಅಲ್ಲಿನ ಆರೋಗ್ಯ, ನೀರಾವರಿ, ಬರದ ಬಗ್ಗೆ ವರ್ಷಗಟ್ಟಲೆ ಬರೆದವರು. ಕ್ಲೇಡನ್ ಹೌಸ್ ಈಗ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಕೈಯಲ್ಲಿದೆ, ವರ್ನಿ ಜಂಕ್ಷನ್‌ನಿಂದ ಕಾರಿನಲ್ಲಿ ಸ್ವಲ್ಪವೇ ದೂರ. ತೆರೆದಿರುವ ದಿನ ನೋಡಿಕೊಂಡು ಮಗಳನ್ನು ಕರೆದುಕೊಂಡು ಹೋಗಿ. ಹಾಸನದ ಹುಡುಗಿ ಮಿಲ್ಟನ್ ಕೀನ್ಸ್ ಶಾಲೆಯಲ್ಲಿ ವರ್ನಿ ಜಂಕ್ಷನ್ ಸ್ಟೇಷನ್ ಬಗ್ಗೆ ಬರೆಯುವಾಗ ಬಳ್ಳಾರಿಯ ಬರದ ಬಗ್ಗೆಯೂ ಒಂದು ಪುಟ ಬರೆದರೆ ತಪ್ಪಿಲ್ಲ.